ಕರಿ ಚಿರತೆ: ಬಣ್ಣ ಬೇರೆ, ಕುಲ ಒಂದೇ

ಘಟ್ಟದ ಸೆರಗಿನ ಹಳ್ಳಿಯಲ್ಲಿ ಕೊಟ್ಟಿಗೆಯ ಕರು ಬೆಳಗಾಗುವುದರೊಳಗೆ ಕಾಣೆಯಾದರೆ ಊರಿನವರ ಮಾತು ಮೊದಲು ಚಿರತೆಯ ಕಡೆಗೇ ಹೊರಳುತ್ತದೆ. ತೋಟ ಕಾಯುವವನು ‘ಕಂಡದ್ದು ಕಪ್ಪು ಪ್ರಾಣಿ’ ಎಂದುಬಿಟ್ಟರಂತೂ ಭಯ ಇಮ್ಮಡಿಯಾಗುತ್ತದೆ. ಕರಿ ಚಿರತೆ ಬೇರೆಯೇ ಜಾತಿಯ ಪ್ರಾಣಿ, ಮಚ್ಚೆ ಚಿರತೆಗಿಂತ ಕ್ರೂರ, ಒಮ್ಮೆ ಊರು ಹೊಕ್ಕರೆ ಬಿಟ್ಟು ಹೋಗದು ಎಂಬ ನಂಬಿಕೆಗಳು ಹಲವೆಡೆ ಬಲವಾಗಿವೆ. ಈ ನಂಬಿಕೆಯ ಬೆನ್ನಿಗೇ ಉರುಲು ಕಟ್ಟುವುದು, ಸತ್ತ ದನದ ಮಾಂಸಕ್ಕೆ ವಿಷ ಬೆರೆಸುವುದು, ಗುಂಪು ಕೂಡಿ ಅಟ್ಟಿಸಿಕೊಂಡು ಹೋಗುವುದು ಮುಂತಾದ ಅನಾಹುತಗಳೂ ನಡೆಯುತ್ತವೆ. ಇವುಗಳಿಂದ ರೈತನಿಗೆ ಲಾಭವಿಲ್ಲ, ಅಪಾಯವೇ ಹೆಚ್ಚು. ಆದ್ದರಿಂದ ಈ ಪ್ರಾಣಿಯ ನಿಜಸ್ವರೂಪವನ್ನು ರೈತ ಬಾಂಧವರೂ ವಿಸ್ತರಣಾ ಕಾರ್ಯಕರ್ತರೂ ಅರಿತಿರುವುದು ಅವಶ್ಯಕ.

ಕರಿ ಚಿರತೆ ಎಂದರೇನು?

ಕರಿ ಚಿರತೆ ಪ್ರತ್ಯೇಕ ಪ್ರಾಣಿಯಲ್ಲ. ನಮ್ಮ ಕಾಡುಗಳಲ್ಲಿರುವ ಸಾಮಾನ್ಯ ಚಿರತೆಯೇ ಹುಟ್ಟಿನಿಂದ ಕಪ್ಪು ಬಣ್ಣ ಪಡೆದಾಗ ಅದನ್ನು ಕರಿ ಚಿರತೆ ಎನ್ನುತ್ತೇವೆ. ಕೆಂದು ಹಸುವಿನ ಹೊಟ್ಟೆಯಲ್ಲಿ ಕಪ್ಪು ಕರು ಹುಟ್ಟಿದರೆ ಅದು ಹೇಗೆ ಹಸುವೇ ಹೊರತು ಬೇರೆಯಲ್ಲವೋ ಇದೂ ಹಾಗೆಯೇ. ಮಚ್ಚೆಯ ತಾಯಿಗೆ ಒಂದೇ ಸೂಲಿನಲ್ಲಿ ಕಪ್ಪು ಮರಿಯೂ ಮಚ್ಚೆಯ ಮರಿಯೂ ಹುಟ್ಟುವುದುಂಟು.

ಹಿಂದಿನ ಪ್ರಾಣಿಶಾಸ್ತ್ರಜ್ಞರೂ ಈ ವಿಷಯದಲ್ಲಿ ಎಡವಿದ್ದರು. ಫ್ರಾನ್ಸಿನ ಹೆಸರಾಂತ ವಿಜ್ಞಾನಿ ಜಾರ್ಜ್ ಕ್ಯುವಿಯೇ 1809ರಲ್ಲಿ ಜಾವಾ ದ್ವೀಪದ ಕರಿ ಚಿರತೆಗೆ ಪ್ರತ್ಯೇಕ ಜಾತಿಯ ಹೆಸರನ್ನೇ ಕೊಟ್ಟನು. ಜಾತಿ ಒಂದೇ ಎಂಬುದು ಅನಂತರ ತಿಳಿಯಿತು.

ಕರಿ ಚಿರತೆಯ ಮೈ ಪೂರ್ಣ ಕಪ್ಪೆಂಬುದೂ ಸರಿಯಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಮೈಮೇಲೆ ಬಿದ್ದಾಗ ಕಪ್ಪಿನ ಅಡಿಯಲ್ಲಿ ಮಚ್ಚೆಗಳು, ಕಪ್ಪು ರೇಷ್ಮೆಯಲ್ಲಿ ನೇಯ್ದ ಹೂವಿನಂತೆ, ಸ್ಪಷ್ಟವಾಗಿ ತೋರುತ್ತವೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ತೆಗೆದ ಚಿತ್ರಗಳಲ್ಲಂತೂ ಇವು ಇನ್ನೂ ನಿಚ್ಚಳ. ಮಲೇಷ್ಯಾದ ಕಾಡಿನಲ್ಲಿ ಸಂಶೋಧಕರು ಕ್ಯಾಮರಾಗಳನ್ನು ಹಗಲಿನಲ್ಲಿಯೂ ರಾತ್ರಿಯ ಅವಕೆಂಪು ಬೆಳಕಿನಲ್ಲಿಯೇ ಕೆಲಸ ಮಾಡುವಂತೆ ಹೊಂದಿಸಿ, ಕರಿ ಚಿರತೆಗಳನ್ನು ಮಚ್ಚೆಯ ವಿನ್ಯಾಸದಿಂದ ಒಂದೊಂದಾಗಿ ಗುರುತಿಸಿ ಎಣಿಸಿದರು. ಈ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮನುಷ್ಯನ ಬೆರಳಚ್ಚಿನಂತೆ ಒಂದು ಚಿರತೆಯ ಮಚ್ಚೆ ಇನ್ನೊಂದಕ್ಕೆ ಹೋಲುವುದಿಲ್ಲ.

ದಕ್ಷಿಣ ಅಮೆರಿಕದಲ್ಲಿ ‘ಕರಿ ಚಿರತೆ’ ಎಂದು ಕರೆಯುವ ಪ್ರಾಣಿ ಮಾತ್ರ ಬೇರೆ. ಅದು ಜಾಗ್ವಾರ್ ಎಂಬ ದೊಡ್ಡ ಬೆಕ್ಕಿನ ಕಪ್ಪು ರೂಪ. ಸಿಂಹದಲ್ಲಿ ಕಪ್ಪು ರೂಪವಿರುವುದಕ್ಕೆ ಖಚಿತವಾದ ಆಧಾರವಿಲ್ಲ.

ಕಪ್ಪು ಬಣ್ಣ ಬರುವ ಬಗೆ

ಪ್ರಾಣಿಗಳ ಕೂದಲಿನಲ್ಲಿ ಮುಖ್ಯವಾಗಿ ಎರಡು ಬಗೆಯ ವರ್ಣದ್ರವ್ಯಗಳಿವೆ: ಒಂದು ಕಪ್ಪು, ಇನ್ನೊಂದು ಹಳದಿ-ಕೆಂಪು. ಬಣ್ಣ ತಯಾರಿಸುವ ಜೀವಕೋಶವನ್ನು ಗದ್ದೆಗೆ ನೀರು ಹಾಯಿಸುವ ತೂಬಿಗೆ ಹೋಲಿಸಬಹುದು. ತೂಬು ತೆರೆದಿದ್ದರೆ ಕಪ್ಪು ದ್ರವ್ಯ ಹರಿಯುತ್ತದೆ. ದೇಹ ಒಂದು ಬಗೆಯ ಪ್ರೋಟೀನನ್ನು ಕಳುಹಿಸಿ ತೂಬನ್ನು ಮುಚ್ಚಿದಾಗ ಕಪ್ಪು ನಿಂತು ಹಳದಿ ದ್ರವ್ಯ ತಯಾರಾಗುತ್ತದೆ. ಮಚ್ಚೆಯ ಚಿರತೆಯಲ್ಲಿ ಮಚ್ಚೆಗಳ ನಡುವಿನ ಜಾಗವೆಲ್ಲ ಹೊಂಬಣ್ಣವಾಗುವುದು ಹೀಗೆ.

ಕರಿ ಚಿರತೆಯಲ್ಲಿ ತೂಬನ್ನು ಮುಚ್ಚುವ ಹಲಗೆಯೇ ಕೆಟ್ಟಿರುತ್ತದೆ. ಮುಚ್ಚುವ ಪ್ರೋಟೀನನ್ನು ತಯಾರಿಸುವ ಗುಣಾಣುವಿನಲ್ಲಿ, ಅಂದರೆ ಜೀನ್‌ನಲ್ಲಿ, ಆದ ಬದಲಾವಣೆಯೇ ಇದಕ್ಕೆ ಕಾರಣವೆಂದು 2012ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ. ಪ್ರತಿ ಮರಿಗೂ ತಾಯಿಯಿಂದ ಒಂದು, ತಂದೆಯಿಂದ ಒಂದು ಹೀಗೆ ಎರಡು ಹಲಗೆಗಳು ಬರುತ್ತವೆ. ಎರಡರಲ್ಲಿ ಒಂದು ಸರಿಯಿದ್ದರೂ ತೂಬು ಮುಚ್ಚುತ್ತದೆ, ಮರಿ ಮಚ್ಚೆಯದಾಗುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ಮರಿ ಕಪ್ಪು. ಆದ್ದರಿಂದ ಚಿರತೆಯಲ್ಲಿ ಕಪ್ಪು ಬಣ್ಣ ಸುಪ್ತ ಗುಣ.

ಜಾಗ್ವಾರ್‌ನಲ್ಲಿ ಕತೆ ತಿರುಗುಮುರುಗು. ಅಲ್ಲಿ ಕೆಟ್ಟಿರುವುದು ಹಲಗೆಯಲ್ಲ, ತೂಬೇ. ಮುಚ್ಚಲಾಗದ ಒಂದು ತೂಬು ಇದ್ದರೂ ಸಾಕು, ಕಪ್ಪು ಹರಿಯುತ್ತಲೇ ಇರುತ್ತದೆ. ಹೀಗಾಗಿ ಜಾಗ್ವಾರ್‌ನಲ್ಲಿ ಕಪ್ಪು ಪ್ರಬಲ ಗುಣ. ಹೊರಗೆ ಒಂದೇ ಬಗೆಯಾಗಿ ಕಾಣುವ ಎರಡು ಪ್ರಾಣಿಗಳ ಬಣ್ಣಕ್ಕೆ ಒಳಗಿನ ಕಾರಣ ಬೇರೆಬೇರೆ ಎಂಬುದು ಗಮನಿಸತಕ್ಕ ಅಂಶ.

ಬಟಾಣಿಯ ಲೆಕ್ಕವೇ ಇಲ್ಲಿಯೂ

ಗ್ರೆಗರ್ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿ ಪ್ರಯೋಗದ ಲೆಕ್ಕ ಚಿರತೆಗೂ ಅನ್ವಯಿಸುತ್ತದೆ. ಬೀಜೋತ್ಪಾದನೆ ಮಾಡುವ ರೈತರಿಗೆ ಇದು ಪರಿಚಿತ.

1. ತಂದೆ ತಾಯಿ ಎರಡೂ ಕಪ್ಪಾದರೆ ಮರಿಗಳೆಲ್ಲವೂ ಕಪ್ಪು.

2. ಒಂದು ಕಪ್ಪು, ಇನ್ನೊಂದು ಸುಪ್ತ ಗುಣವಿಲ್ಲದ ಮಚ್ಚೆ ಚಿರತೆಯಾದರೆ ಮರಿಗಳೆಲ್ಲ ಮಚ್ಚೆಯವೇ. ಆದರೆ ಎಲ್ಲವೂ ಕಪ್ಪಿನ ಗುಣವನ್ನು ಒಳಗೆ ಹೊತ್ತಿರುತ್ತವೆ.

3. ಒಂದು ಕಪ್ಪು, ಇನ್ನೊಂದು ಸುಪ್ತ ಗುಣ ಹೊತ್ತ ಮಚ್ಚೆ ಚಿರತೆಯಾದರೆ ಸರಾಸರಿ ಅರ್ಧದಷ್ಟು ಮರಿಗಳು ಕಪ್ಪು.

4. ಎರಡೂ ಮಚ್ಚೆಯವಾಗಿದ್ದು ಎರಡೂ ಸುಪ್ತ ಗುಣ ಹೊತ್ತಿದ್ದರೆ ನಾಲ್ಕರಲ್ಲಿ ಒಂದು ಕಪ್ಪು.

‘ಊರ ಸುತ್ತ ಇದ್ದದ್ದೆಲ್ಲ ಮಚ್ಚೆ ಚಿರತೆ, ಈ ಕಪ್ಪು ಎಲ್ಲಿಂದ ಬಂತು? ಯಾರೋ ತಂದು ಬಿಟ್ಟಿರಬೇಕು’ ಎಂಬ ಗುಮಾನಿಗೆ ನಾಲ್ಕನೆಯ ಸಂದರ್ಭದಲ್ಲಿ ಉತ್ತರವಿದೆ. ಲೆಕ್ಕಕ್ಕಾಗಿ ಒಂದು ಉದಾಹರಣೆ ತೆಗೆದುಕೊಳ್ಳೋಣ. ಮುಕ್ತವಾಗಿ ಕೂಡುವ ದೊಡ್ಡ ಸಮೂಹವೊಂದರಲ್ಲಿ ನೂರಕ್ಕೆ 4 ಚಿರತೆಗಳು ಕಪ್ಪಾಗಿದ್ದರೆ, ಸುಮಾರು 32 ಚಿರತೆಗಳು ಹೊರಗೆ ಮಚ್ಚೆಯವಾಗಿದ್ದೂ ಒಳಗೆ ಕಪ್ಪಿನ ಗುಣ ಹೊತ್ತಿರುತ್ತವೆ. ಕಣ್ಣಿಗೆ ಕಾಣುವ ಒಂದು ಕರಿ ಚಿರತೆಯ ಹಿಂದೆ ಕಾಣದ ಎಂಟು ಇರುತ್ತವೆ ಎಂದಾಯಿತು. ಯಾರೂ ತಂದು ಬಿಡಬೇಕಾಗಿಲ್ಲ.

ಎಲ್ಲೆಲ್ಲಿ ಕಾಣಸಿಗುತ್ತವೆ?

ಆಫ್ರಿಕ ಮತ್ತು ಏಷ್ಯಾ ಖಂಡಗಳ ದಾಖಲೆಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ ಚಿರತೆಗಳಲ್ಲಿ ಕಪ್ಪು ರೂಪದ ಪ್ರಮಾಣ ಸರಾಸರಿ ನೂರಕ್ಕೆ 11. ಆದರೆ ಈ ಸರಾಸರಿ ಎಲ್ಲೆಡೆ ಒಂದೇ ಸಮನಾಗಿಲ್ಲ. ಮಳೆ ಹೆಚ್ಚಿರುವ ದಟ್ಟ ಕಾಡುಗಳಲ್ಲಿ ಪ್ರಮಾಣ ಹೆಚ್ಚು, ಬಯಲು ಹುಲ್ಲುಗಾವಲು ಮತ್ತು ಮರುಭೂಮಿಯ ಅಂಚಿನಲ್ಲಿ ತೀರ ಕಡಿಮೆ. ಮಲಯ ಪರ್ಯಾಯ ದ್ವೀಪದಲ್ಲಂತೂ ಹೆಚ್ಚು ಕಡಿಮೆ ಎಲ್ಲ ಚಿರತೆಗಳೂ ಕಪ್ಪು. ಅಲ್ಲಿ ಮಚ್ಚೆ ಚಿರತೆ ಕಂಡರೆ ಅದೇ ವಿಶೇಷ! ಇದಕ್ಕೆ ಅಪವಾದಗಳೂ ಇವೆ. ಕೆನ್ಯಾ ದೇಶದ ಲೈಕಿಪಿಯಾ ಒಣ ಪ್ರದೇಶ. ಅಲ್ಲಿನ ಕರಿ ಚಿರತೆಯ ಸ್ಪಷ್ಟ ಚಿತ್ರಗಳು 2019ರಲ್ಲಿ ಪ್ರಕಟವಾದಾಗ ಜಗತ್ತಿನ ಗಮನ ಸೆಳೆದವು.

ಭಾರತದಲ್ಲಿ ಪಶ್ಚಿಮ ಘಟ್ಟಗಳೂ ಈಶಾನ್ಯದ ಕಾಡುಗಳೂ ಕರಿ ಚಿರತೆಗೆ ಹೆಸರಾದ ನೆಲೆಗಳು. ಕರ್ನಾಟಕದಲ್ಲಿ ದಾಂಡೇಲಿ ಸುತ್ತಣ ಕಾಳಿ, ಭದ್ರಾ ಮತ್ತು ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಇವು ದಾಖಲಾಗಿವೆ. ಕಬಿನಿ ಹಿನ್ನೀರಿನ ಕಾಡು ದಟ್ಟ ನಿತ್ಯಹರಿದ್ವರ್ಣದ್ದಲ್ಲ, ಬೇಸಗೆಯಲ್ಲಿ ಎಲೆಯುದುರುವ ಕಾಡು. ಆದರೂ ಅಲ್ಲಿ ಹಲವು ವರ್ಷ ಪ್ರವಾಸಿಗರ ಕಣ್ಣಿಗೆ ಬಿದ್ದ ಗಂಡು ಕರಿ ಚಿರತೆಯೊಂದು ಮಚ್ಚೆ ಚಿರತೆಗಳ ನಡುವೆಯೇ ತನ್ನ ಸೀಮೆ ಕಟ್ಟಿಕೊಂಡು ಬಾಳಿತು.

ಚಿರತೆಗಳ ಒಟ್ಟು ಸಂಖ್ಯೆಯ ವಿಚಾರಕ್ಕೆ ಬಂದರೆ, 2022ರ ಅಂದಾಜಿನಂತೆ ದೇಶದಲ್ಲಿ 13,874 ಹಾಗೂ ಕರ್ನಾಟಕದಲ್ಲಿ 1,879 ಚಿರತೆಗಳಿದ್ದವು. ಮಧ್ಯಪ್ರದೇಶ ಮತ್ತು ಮಹಾರಾಷ್ಟ್ರಗಳ ನಂತರದ ಸ್ಥಾನ ನಮ್ಮದು.

ಕಪ್ಪಿನಿಂದ ಲಾಭವೇನು, ನಷ್ಟವೇನು?

ಚಿರತೆ ಹೊಂಚು ಹಾಕಿ ಬೇಟೆಯಾಡುವ ಪ್ರಾಣಿ. ಬೇಟೆಯ ಸಮೀಪಕ್ಕೆ ಸದ್ದಿಲ್ಲದೆ ಸರಿದು, ಕೊನೆಯ ಕೆಲವು ಮಾರು ದೂರವನ್ನು ಮಾತ್ರ ನೆಗೆದು ಹಿಡಿಯುತ್ತದೆ. ಹಗಲಲ್ಲೂ ಮಬ್ಬು ಕವಿದಿರುವ ದಟ್ಟ ಕಾಡಿನಲ್ಲಿ ಕಪ್ಪು ಮೈ ನೆರಳಿನೊಡನೆ ಬೆರೆತುಹೋಗುವುದರಿಂದ ಅನುಕೂಲವಿರಬೇಕೆಂದು ತಜ್ಞರು ಭಾವಿಸುತ್ತಾರೆ. ಬಯಲು ಸೀಮೆಯ ಒಣಹುಲ್ಲಿನಲ್ಲಿ ಅದೇ ಕಪ್ಪು ಎದ್ದು ಕಾಣುತ್ತದೆ. ಅಲ್ಲಿ ಹೊಂಬಣ್ಣದ ಮಚ್ಚೆಯೇ ಮೇಲು. ಕೆಂಪು ಮಣ್ಣಿಗೊಂದು ತಳಿ, ಎರೆ ಮಣ್ಣಿಗೊಂದು ತಳಿ ಹೊಂದುವಂತೆ ನಿಸರ್ಗವೂ ನೆಲೆಗೆ ತಕ್ಕ ಬಣ್ಣವನ್ನು ಉಳಿಸಿಕೊಳ್ಳುತ್ತದೆ.

ನಷ್ಟವೂ ಇದ್ದೀತು. ಚಿರತೆಯ ಬಾಲದ ಅಡಿಭಾಗ ಬಿಳುಪು. ಬಾಲವೆತ್ತಿ ನಡೆಯುವ ತಾಯಿಯನ್ನು ಮರಿಗಳು ಮಬ್ಬಿನಲ್ಲಿ ಹಿಂಬಾಲಿಸಲು, ಒಂದು ಇನ್ನೊಂದಕ್ಕೆ ಸಂಕೇತ ಕೊಡಲು ಇಂಥ ಬಿಳಿ ಗುರುತುಗಳು ನೆರವಾಗುತ್ತವೆ. ಕಪ್ಪು ರೂಪದಲ್ಲಿ ಈ ಗುರುತುಗಳು ಅಳಿಸಿಹೋಗುವುದರಿಂದ ಪರಸ್ಪರ ಸಂಪರ್ಕಕ್ಕೆ ಅಡಚಣೆಯಾಗಬಹುದೆಂಬ ವಾದವನ್ನು 2019ರಲ್ಲಿ ಸಂಶೋಧಕರು ಮುಂದಿಟ್ಟರು. ಕಪ್ಪು ಬಣ್ಣ ಎಲ್ಲೆಡೆ ಹರಡದಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಒಡಿಶಾದ ಕಪ್ಪು ಹುಲಿಗಳು

ಒಡಿಶಾದ ಸಿಮಿಲಿಪಾಲ ಕಾಡಿನಲ್ಲಿ ಪಟ್ಟೆಗಳು ಅಗಲವಾಗಿ ಒಂದಕ್ಕೊಂದು ಕೂಡಿಕೊಂಡು ಮೈ ಬಹುಪಾಲು ಕಪ್ಪಾಗಿ ಕಾಣುವ ಹುಲಿಗಳಿವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು 2021ರಲ್ಲಿ ಇದರ ಕಾರಣವನ್ನು ಬಯಲಿಗೆ ತಂದರು. ಇದೂ ಒಂದು ಸುಪ್ತ ಗುಣವೇ, ಆದರೆ ಚಿರತೆಯದಕ್ಕಿಂತ ಬೇರೆ ಗುಣಾಣುವಿನದು. ಆ ಕಾಡಿನ ಹುಲಿಗಳು ಇತರ ಕಾಡುಗಳ ಹುಲಿಗಳಿಂದ ಬೇರ್ಪಟ್ಟು, ಕೆಲವೇ ಹುಲಿಗಳ ಸಂತತಿ ತಮ್ಮೊಳಗೇ ಕೂಡುತ್ತ ಬಂದುದರಿಂದ ಅಪರೂಪದ ಗುಣ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಹುಲಿಗಳಲ್ಲಿ ಹೊರಬಿತ್ತು.

ಒಂದೇ ಟಗರನ್ನೋ ಹೋತವನ್ನೋ ವರ್ಷಾನುಗಟ್ಟಲೆ ಮಂದೆಯಲ್ಲಿ ಉಳಿಸಿಕೊಂಡಾಗ ಅದುಮಿಟ್ಟ ದೋಷಗಳು ಹೊರಬರುವುದನ್ನು ಕುರಿ ಸಾಕುವವರು ಬಲ್ಲರು. ಕಪ್ಪು ಪಟ್ಟೆಯೇ ಒಂದು ರೋಗವಲ್ಲ. ಆದರೆ ಕಾಡುಗಳ ನಡುವಿನ ಹಾದಿ ಕಡಿದುಹೋದರೆ ಏನಾಗುತ್ತದೆಂಬುದಕ್ಕೆ ಅದು ಕಣ್ಣಿಗೆ ಕಾಣುವ ಗುರುತು.

ಸ್ವಭಾವ ಮತ್ತು ಜೀವನಕ್ರಮ

ಬಣ್ಣದಿಂದ ಚಿರತೆಯ ಸ್ವಭಾವ ಬದಲಾಗುತ್ತದೆ ಎನ್ನಲು ಆಧಾರವಿಲ್ಲ. ಮಚ್ಚೆ ಚಿರತೆಯ ಬಗ್ಗೆ ಹೇಳಬಹುದಾದುದೆಲ್ಲ ಕರಿ ಚಿರತೆಗೂ ಸಲ್ಲುತ್ತದೆ. ಚಿರತೆ ಒಂಟಿಜೀವಿ. ಗಂಡು ಹೆಣ್ಣಿಗಿಂತ ದೊಡ್ಡದು. ಒಂದು ಗಂಡಿನ ಸೀಮೆಯೊಳಗೆ ಒಂದೆರಡು ಹೆಣ್ಣುಗಳ ಸೀಮೆ ಸೇರಿರುತ್ತದೆ. ಮೂತ್ರ ಚಿಮುಕಿಸುವುದು, ಮರ ಪರಚುವುದು, ನೆಲ ಕೆರೆಯುವುದು, ಗರಗಸದಿಂದ ಮರ ಕೊಯ್ದಂಥ ಸದ್ದು ಮಾಡುವುದು, ಇವು ‘ಈ ಜಾಗ ನನ್ನದು’ ಎಂದು ಸಾರುವ ಕ್ರಮಗಳು.

ಗರ್ಭಧಾರಣೆಯ ಅವಧಿ ಸುಮಾರು ಮೂರು ತಿಂಗಳು. ಸಾಮಾನ್ಯವಾಗಿ ಎರಡು ಮೂರು ಮರಿಗಳು ಹುಟ್ಟುತ್ತವೆ. ಅವನ್ನು ಬಂಡೆಯ ಸಂದು, ಪೊದೆ, ಕೆಲವೆಡೆ ಕಬ್ಬಿನ ಗದ್ದೆಯಲ್ಲಿಯೂ ತಾಯಿ ಬಚ್ಚಿಡುತ್ತದೆ. ಮರಿಗಳು ಒಂದೂವರೆಯಿಂದ ಎರಡು ವರ್ಷದವರೆಗೆ ತಾಯಿಯೊಡನಿದ್ದು ಬೇಟೆ ಕಲಿಯುತ್ತವೆ.

ಆಹಾರದ ವಿಷಯದಲ್ಲಿ ಚಿರತೆಯಷ್ಟು ಹೊಂದಿಕೊಳ್ಳುವ ದೊಡ್ಡ ಬೆಕ್ಕು ಇನ್ನೊಂದಿಲ್ಲ. ಚುಕ್ಕಿ ಜಿಂಕೆ, ಕಾಡುಕುರಿ, ಮುಸಿಯ, ಹಂದಿಮರಿ, ಮೊಲ, ನವಿಲಿನಿಂದ ಇಲಿ ಹೆಗ್ಗಣದವರೆಗೆ ಸಿಕ್ಕಿದ್ದನ್ನು ತಿಂದು ಬದುಕುತ್ತದೆ. ಹುಲಿ ಮತ್ತು ಸೀಳುನಾಯಿಗಳ ಕಾಟವಿರುವಲ್ಲಿ ಬೇಟೆಯನ್ನು ಮರದ ಮೇಲಕ್ಕೆ ಎಳೆದೊಯ್ದು ಕವಲಿನಲ್ಲಿ ಸಿಕ್ಕಿಸಿಡುತ್ತದೆ.

ಮಬ್ಬಿನಲ್ಲಿ ಕಂಡ ಕಪ್ಪು ಪ್ರಾಣಿಯೆಲ್ಲ ಕರಿ ಚಿರತೆಯಲ್ಲ. ನಾಯಿ, ಕರಡಿ, ಪುನುಗು ಜಾತಿಯ ಬೆಕ್ಕು ಇವನ್ನು ನೋಡಿ ಮೋಸಹೋಗುವುದುಂಟು. ಹೆಜ್ಜೆಗುರುತು ನೋಡಿ ನಿರ್ಧರಿಸುವುದು ಲೇಸು. ಚಿರತೆಯ ಹೆಜ್ಜೆ ದುಂಡಗೆ, ಸುಮಾರು 7ರಿಂದ 9 ಸೆಂ.ಮೀ. ಅಗಲವಿದ್ದು, ನಾಲ್ಕು ಬೆರಳುಗಳ ಗುರುತಿರುತ್ತದೆ. ನಡೆಯುವಾಗ ಉಗುರನ್ನು ಒಳಗೆ ಸೆಳೆದುಕೊಳ್ಳುವುದರಿಂದ ಉಗುರಿನ ಗುರುತು ಮೂಡುವುದಿಲ್ಲ. ನಾಯಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಎದ್ದು ಕಾಣುತ್ತದೆ.

ಊರ ಕಡೆಗೆ ಏಕೆ ಬರುತ್ತದೆ?

ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನ ಕೃಷಿ ಪ್ರದೇಶದಲ್ಲಿ ಚಿರತೆಯ ಲದ್ದಿಯನ್ನು ಪರೀಕ್ಷಿಸಿ ಅದರ ಆಹಾರವನ್ನು ಲೆಕ್ಕ ಹಾಕಲಾಯಿತು. 2014ರಲ್ಲಿ ಪ್ರಕಟವಾದ ಈ ಅಧ್ಯಯನದಂತೆ ಆಹಾರದ ತೂಕದಲ್ಲಿ ನೂರಕ್ಕೆ 39 ಭಾಗ ನಾಯಿಗಳದು. ಮೇಕೆಗಳ ಸಂಖ್ಯೆ ನಾಯಿಗಳಿಗಿಂತ ಹಲವು ಪಟ್ಟು ಹೆಚ್ಚಿದ್ದರೂ ಆಹಾರದಲ್ಲಿ ಅವುಗಳ ಪಾಲು ನೂರಕ್ಕೆ 11 ಮಾತ್ರ. ಕಾರಣ ಸರಳ: ಮೇಕೆಗಳನ್ನು ರಾತ್ರಿ ಕೂಡಿಹಾಕುತ್ತಾರೆ, ನಾಯಿಗಳು ಬೀದಿಯಲ್ಲಿರುತ್ತವೆ. ಚಿರತೆ ಊರಿಗೆ ಬರುವುದು ಮನುಷ್ಯನ ಮೇಲಿನ ಹಗೆಯಿಂದಲ್ಲ, ಸುಲಭವಾಗಿ ಸಿಗುವ ಆಹಾರಕ್ಕಾಗಿ. ಕಸದ ಗುಂಡಿ, ಬಯಲಲ್ಲಿ ಎಸೆದ ಕೋಳಿ ತ್ಯಾಜ್ಯ ಮತ್ತು ಸತ್ತ ದನ ಇವು ನಾಯಿಗಳನ್ನು ಕರೆಯುತ್ತವೆ, ನಾಯಿಗಳು ಚಿರತೆಯನ್ನು ಕರೆಯುತ್ತವೆ.

ಹಾಗೆಂದು ಚಿರತೆ ನಿರಪಾಯಕಾರಿ ಎಂದು ಭಾವಿಸುವುದೂ ತಪ್ಪು. 2022ರ ಅಕ್ಟೋಬರ್‌ನಿಂದ 2023ರ ಜನವರಿಯವರೆಗೆ ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಇಂಥ ದುರಂತ ಕಂಡ ಊರಿನವರಿಗೆ ‘ಹೆದರಬೇಡಿ’ ಎಂದು ಹೇಳಿ ಕೈತೊಳೆದುಕೊಳ್ಳುವುದು ಸಲ್ಲದು. ಎಚ್ಚರಿಕೆಯ ಕ್ರಮಗಳನ್ನು ತಿಳಿಸಿ ಜಾರಿಗೆ ತರುವುದು ವಿಸ್ತರಣಾ ಕಾರ್ಯಕರ್ತರ ಕರ್ತವ್ಯ.

ಹಿಡಿದು ದೂರ ಬಿಟ್ಟರೆ ಸಾಲದೆ?

ಕಂಡ ಚಿರತೆಯನ್ನೆಲ್ಲ ಬೋನಿಟ್ಟು ಹಿಡಿದು ಬೇರೆ ಕಾಡಿಗೆ ಬಿಡಬೇಕೆಂಬ ಒತ್ತಾಯ ಸಾಮಾನ್ಯ. ಮಹಾರಾಷ್ಟ್ರದ ಜುನ್ನರ್ ಪ್ರದೇಶದಲ್ಲಿ ಹೀಗೆ ಮಾಡಿದ ಅನುಭವ ಕಹಿಯಾದುದು. ಚಿರತೆಗಳನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದು ಸಾಗಿಸಿದ ನಂತರ ಮನುಷ್ಯರ ಮೇಲಿನ ದಾಳಿಗಳು ಕಡಿಮೆಯಾಗುವ ಬದಲು ಹೆಚ್ಚಾದವೆಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಪರಿಚಿತ ಜಾಗದಲ್ಲಿ ಬಿಟ್ಟ ಚಿರತೆ ಅಲೆಯುತ್ತದೆ, ಗಾಬರಿಗೊಂಡಿರುತ್ತದೆ. ಅದು ತೆರವು ಮಾಡಿದ ಸೀಮೆಗೆ ಇನ್ನೊಂದು ಚಿರತೆ ಬಂದು ಸೇರುತ್ತದೆ. ಕಳೆ ಕಿತ್ತು ಪಕ್ಕದ ಹೊಲಕ್ಕೆ ಎಸೆದಂತೆ ಇದು: ಅಲ್ಲಿಯೂ ಬೇರು ಬಿಡುತ್ತದೆ, ಇಲ್ಲಿಯೂ ಮತ್ತೆ ಮೊಳೆಯುತ್ತದೆ. ಆದ್ದರಿಂದ ಮನುಷ್ಯರ ಜೀವಕ್ಕೆ ಅಪಾಯಕಾರಿಯಾದ ಚಿರತೆಯ ವಿಷಯ ಬೇರೆ, ಸುಮ್ಮನೆ ಕಣ್ಣಿಗೆ ಬಿದ್ದುದರ ವಿಷಯ ಬೇರೆ.

ರೈತರು ಅನುಸರಿಸಬೇಕಾದ ಕ್ರಮಗಳು

1. ಕುರಿ, ಮೇಕೆ, ಕರುಗಳನ್ನು ಸೂರ್ಯಾಸ್ತಕ್ಕೆ ಮುನ್ನ ಕೊಟ್ಟಿಗೆಗೆ ಸೇರಿಸಬೇಕು. ಬರೀ ಗೋಡೆಯಿದ್ದರೆ ಸಾಲದು, ಮೇಲ್ಭಾಗವನ್ನೂ ಗಟ್ಟಿ ಜಾಲರಿಯಿಂದ ಮುಚ್ಚಬೇಕು. ಚಿರತೆ ಗೋಡೆ ಹಾರಬಲ್ಲದು, ಸಡಿಲ ಹೆಂಚು ಸರಿಸಬಲ್ಲದು. ಬಾಗಿಲಿಗೆ ಭದ್ರವಾದ ಅಗಳಿ ಇರಲಿ.

2. ಮನೆಯ ಮತ್ತು ಕೊಟ್ಟಿಗೆಯ ಸುತ್ತ ಲಾಂಟಾನ ಮುಂತಾದ ಪೊದೆಗಳನ್ನು ಸವರಿ ಬಯಲು ಮಾಡಬೇಕು. ಕೊಟ್ಟಿಗೆಯ ಬಳಿ ರಾತ್ರಿ ದೀಪವಿರಲಿ.

3. ಸತ್ತ ದನ, ಕೋಳಿಯ ತ್ಯಾಜ್ಯಗಳನ್ನು ಬಯಲಿಗೆ ಎಸೆಯದೆ ಆಳವಾಗಿ ಹೂಳಬೇಕು. ಸಾಕಿದ ನಾಯಿಯನ್ನು ರಾತ್ರಿ ಒಳಗೆ ಕಟ್ಟಬೇಕು. ಬೀದಿ ನಾಯಿಗಳ ಸಂತಾನ ನಿಯಂತ್ರಣಕ್ಕೆ ಪಂಚಾಯಿತಿಯನ್ನು ಒತ್ತಾಯಿಸಬೇಕು.

4. ಮುಸ್ಸಂಜೆಯ ನಂತರ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬಾರದು. ನೀರು ಹಾಯಿಸಲು ಹೋಗುವವರು ಜೊತೆಗಾರರೊಡನೆ, ಬ್ಯಾಟರಿ ಹಿಡಿದು, ಮಾತನಾಡುತ್ತ ನಡೆಯುವುದು ಒಳ್ಳೆಯದು. ಬಗ್ಗಿ ಕೆಲಸ ಮಾಡುವವರು ಚಿರತೆಯ ಕಣ್ಣಿಗೆ ಸಣ್ಣ ಪ್ರಾಣಿಯಂತೆ ಕಂಡಾರು.

5. ಚಿರತೆ ಎದುರಾದರೆ ಓಡಬಾರದು, ಕುಕ್ಕರಿಸಬಾರದು. ಅದರ ಕಡೆ ಮುಖ ಮಾಡಿ, ಕೈಯೆತ್ತಿ ದೊಡ್ಡದಾಗಿ ಕಾಣಿಸಿಕೊಂಡು, ಗಟ್ಟಿಯಾಗಿ ಕೂಗುತ್ತ ನಿಧಾನವಾಗಿ ಹಿಂದೆ ಸರಿಯಬೇಕು. ಅದಕ್ಕೆ ಹೋಗಲು ದಾರಿ ಬಿಡಬೇಕು.

6. ಕಬ್ಬು ಕಡಿಯುವಾಗ ಮರಿಗಳು ಕಂಡರೆ ಮುಟ್ಟದೆ ಕೆಲಸ ನಿಲ್ಲಿಸಿ ಅರಣ್ಯ ಇಲಾಖೆಗೆ ತಿಳಿಸಬೇಕು. ತಾಯಿ ರಾತ್ರಿ ಬಂದು ಒಯ್ಯುವ ಸಂಭವ ಹೆಚ್ಚು. ಮರಿಗಳನ್ನು ಊರಿಗೆ ತಂದರೆ ತಾಯಿ ಅರಸಿ ಬರುತ್ತದೆ.

7. ತೆರೆದ ಬಾವಿಗೆ ಕಟ್ಟೆ ಕಟ್ಟಿಸಿ ಜಾಲರಿ ಹಾಕಿಸಬೇಕು. ರಾತ್ರಿ ಚಿರತೆ ಬಾವಿಗೆ ಬೀಳುವುದೂ ತಪ್ಪುತ್ತದೆ, ಮನೆಯ ಮಕ್ಕಳಿಗೂ ಕ್ಷೇಮ.

8. ಕಾಡುಹಂದಿಗೆಂದು ಬೇಲಿಯಲ್ಲಿ ತಂತಿ ಉರುಲು ಕಟ್ಟಬಾರದು. ಉರುಲಿಗೆ ಹಂದಿ, ಚಿರತೆ ಎಂಬ ಭೇದವಿಲ್ಲ. ಸಿಕ್ಕಿಬಿದ್ದ ಚಿರತೆ ನೋವಿನಿಂದ ಹುಚ್ಚೆದ್ದಿರುತ್ತದೆ, ಹತ್ತಿರ ಹೋದವರು ಗಾಯಗೊಳ್ಳುತ್ತಾರೆ. ವಿಷವಿಟ್ಟರೆ ನಾಯಿ, ಹದ್ದು, ರಣಹದ್ದುಗಳೂ ಸಾಯುತ್ತವೆ.

9. ಜಾನುವಾರು ಬಲಿಯಾದರೆ ಕಳೇಬರವನ್ನು ಅಲುಗಿಸದೆ, ಹೆಜ್ಜೆಗುರುತು ಅಳಿಸದೆ ತಕ್ಷಣ ಸಮೀಪದ ಅರಣ್ಯ ಕಛೇರಿಗೆ ಅಥವಾ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಬೇಕು. ಮಹಜರು ಮತ್ತು ಪಶುವೈದ್ಯರ ದೃಢೀಕರಣವಿದ್ದರೆ ಪರಿಹಾರ ದೊರೆಯಲು ಸುಲಭ. ಇದು ರೈತನ ಹಕ್ಕು, ಸಂಕೋಚಪಡಬೇಕಾಗಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿ ಚಿರತೆ ಸೇರಿದೆ. ಕಾನೂನು ಬಣ್ಣ ನೋಡುವುದಿಲ್ಲ. ಕರಿ ಚಿರತೆಗೂ ಅದೇ ರಕ್ಷಣೆ. ಕೊಂದವರಿಗೆ ಮೂರರಿಂದ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ಒಂದು ಕರುವಿನ ನಷ್ಟದ ಸಿಟ್ಟಿನಲ್ಲಿ ಕಟ್ಟಿದ ಉರುಲು ಇಡೀ ಕುಟುಂಬದ ದುಡಿಮೆಯನ್ನೇ ಕಟ್ಟಿಹಾಕಬಾರದು.

ಚಿರತೆ ಕಾಡುಹಂದಿಯ ಮರಿ, ಮೊಲ, ಮುಸಿಯ, ಇಲಿಗಳನ್ನು ತಿನ್ನುವ ಪ್ರಾಣಿ. ಬೆಳೆ ಹಾಳುಮಾಡುವ ಇವುಗಳ ಸಂಖ್ಯೆಗೆ ಅದು ಸ್ವಲ್ಪಮಟ್ಟಿಗೆ ಕಡಿವಾಣ ಹಾಕುತ್ತದೆ. ರಾತ್ರಿಯ ಬಣ್ಣ ಹೊತ್ತ ಈ ಪ್ರಾಣಿ ಕಾಡಿನ ಅಂಚಿನ ಊರಿಗೆ ಹೊಸ ನೆಂಟನೇನಲ್ಲ, ತಲೆಮಾರುಗಳಿಂದ ಅಲ್ಲಿಯೇ ಇದ್ದ ನೆರೆಯವನೇ. ಬಣ್ಣಕ್ಕೆ ಹೆದರಿ ಬಲೆ ಹುಡುಕುವ ಬದಲು ಕೊಟ್ಟಿಗೆಯ ಬಾಗಿಲನ್ನು ಭದ್ರಪಡಿಸಿದರೆ ಕರುವೂ ಉಳಿಯುತ್ತದೆ, ಚಿರತೆಯೂ ತನ್ನ ದಾರಿ ಹಿಡಿಯುತ್ತದೆ.